ಹುಳು ಹಣ್ಣಾಗುವ ವಾರದ ಉಬ್ಬಸ

"ಯೋಚ್ನ ಜಾಸ್ತಿ ಆದ್ರ ಸಾಕು ಸಾ, ದಮ್ಮು ಎದ್ಬುಡ್ತದ."

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಆಸ್ಪತ್ರೆಗಳಲ್ಲಿ ಉಬ್ಬಸದವರು ಈ ಮಾತನ್ನು ಒಂದಲ್ಲ ಒಂದು ಬಗೆಯಲ್ಲಿ ಹೇಳುತ್ತಲೇ ಇರುತ್ತಾರೆ. ವೈದ್ಯರು ಕೇಳಿಸಿಕೊಳ್ಳುತ್ತಾರೆ, ‘ಜಾಸ್ತಿ ತಲೆ ಕೆಡಿಸ್ಕೋಬೇಡಿ’ ಎನ್ನುತ್ತಾರೆ, ಚೀಟಿ ಬರೆದು ಮುಂದಿನವರನ್ನು ಕರೆಯುತ್ತಾರೆ. ಬಾಗಿಲಾಚೆ ಅಷ್ಟುದ್ದದ ಸಾಲು ಕಾದು ನಿಂತಿರುವಾಗ ಅವರನ್ನು ದೂರಿ ಫಲವಿಲ್ಲ. ಆದರೆ ಧೂಳು ಆಗಿಬರುವುದಿಲ್ಲವೇ, ಮನೆಯಲ್ಲಿ ಸೌದೆ ಒಲೆಯೇ, ಬೀಡಿ ಸೇದುವ ಅಭ್ಯಾಸವಿದೆಯೇ ಎಂಬ ಪ್ರಶ್ನೆಗಳಿಗೆ ಸಿಗುವ ತೂಕ, ರೋಗಿ ತಾನಾಗಿ ಬಾಯಿಬಿಟ್ಟು ಹೇಳಿದ ಆ ಮಾತಿಗೆ ಸಿಗುವುದಿಲ್ಲ. ಗೋಳೆಂದು ಅದನ್ನು ಪಕ್ಕಕ್ಕಿಡುತ್ತೇವೆ. ಧೂಳು, ಹೊಗೆಗಳಷ್ಟೇ ಖಚಿತವಾದ ವೈದ್ಯಕೀಯ ಮಾಹಿತಿ ಅದರಲ್ಲಿದೆ ಎಂಬುದು ನನ್ನ ವಾದ. ಇನ್ನೂ ಒಂದು ಮಾತಿದೆ. ಈ ಮೂರು ತಾಲ್ಲೂಕುಗಳ ಜನರಿಗೆ ಯೋಚನೆ ಹೊತ್ತುಗೊತ್ತಿಲ್ಲದೆ ಬರುವುದು ಕಡಿಮೆ. ಬೆಳೆಗೆ, ಕಂತಿಗೆ, ಮಕ್ಕಳ ಪರೀಕ್ಷೆಗೆ ಅಂಟಿಕೊಂಡು, ಬಹುಪಾಲು ಮೊದಲೇ ಗೊತ್ತಿರುವ ದಿನಗಳಲ್ಲೇ ಅದು ಬರುತ್ತದೆ. ಹಾಗಿದ್ದ ಮೇಲೆ ಮೊದಲೇ ಸಿದ್ಧವಾಗಲು ಏನಡ್ಡಿ?

ಹೀಗೆಂದ ಕೂಡಲೇ ಒಂದು ಆಕ್ಷೇಪ ಏಳುತ್ತದೆ. ಅದಕ್ಕೆ ತಕ್ಕ ಕಾರಣವೂ ಇದೆ. ಉಬ್ಬಸವನ್ನು ಮನಸ್ಸಿಗೆ ಗಂಟುಹಾಕಿ ವೈದ್ಯಲೋಕ ಹಿಂದೆ ದೊಡ್ಡ ಅನ್ಯಾಯ ಮಾಡಿದೆ. ಕಳೆದ ಶತಮಾನದ ನಡುಭಾಗದಲ್ಲಿ ಶಿಕಾಗೋದ ಮನೋವಿಶ್ಲೇಷಕ ಫ್ರಾಂಜ್ ಅಲೆಕ್ಸಾಂಡರ್ ಮತ್ತು ಸಂಗಡಿಗರು ಅಸ್ತಮಾವನ್ನು ಮನೋದೈಹಿಕ ಕಾಯಿಲೆಗಳ ಪಟ್ಟಿಗೆ ಸೇರಿಸಿದರು. ಮಗುವಿನ ಸುಯ್‌ಗುಡುವ ಉಸಿರಿನಲ್ಲಿ ತಾಯಿಗಾಗಿ ಅದುಮಿಟ್ಟ ಅಳುವನ್ನು ಕಂಡರು. ಎಷ್ಟೋ ತಾಯಂದಿರು ಮಗುವಿನ ಕಾಯಿಲೆಗೆ ತಾವೇ ಕಾರಣವೆಂಬ ಹೊರೆ ಹೊತ್ತರು. ನಮ್ಮಲ್ಲಿ ಆ ಸಿದ್ಧಾಂತ ಕಾಲಿಡದೆಯೇ ಅದೇ ಕೆಲಸ ನಡೆದಿದೆ. ಉಸಿರು ಕಟ್ಟುತ್ತಿದೆ ಎಂದ ಸೊಸೆಗೆ ಕೆಲಸಗಳ್ಳಿ ಎಂಬ ಹೆಸರು. ಹರೆಯದ ಹುಡುಗಿಯಾದರೆ ಗಾಳಿ ಸೋಕಿದೆಯೆಂದು ತಾಯತ. ಹೀಗಾಗಿ ‘ಇದರಲ್ಲಿ ಮನಸ್ಸಿನ ಪಾತ್ರವಿದೆ’ ಎಂದರೆ ‘ಇದು ಸುಳ್ಳು ಕಾಯಿಲೆ’ ಎಂದೇ ಕೇಳಿಸುತ್ತದೆ.

ಉಬ್ಬಸ ಸುಳ್ಳಲ್ಲ. ಅದು ಶ್ವಾಸನಾಳದ ಉರಿಯೂತ. ಕಾಂಗ್ರೆಸ್ ಗಿಡದ ಹೂಧೂಳೋ, ಹಾಸಿಗೆಯ ನುಸಿಯೋ, ರೇಷ್ಮೆಗೂಡಿನ ಧೂಳೋ ಒಳಹೊಕ್ಕಾಗ ದೇಹ ಅದನ್ನು ಶತ್ರುವೆಂದು ಬಗೆದು ಸೈನ್ಯ ಕಳಿಸುತ್ತದೆ. ಮಾಸ್ಟ್ ಕೋಶಗಳು ಹಿಸ್ಟಮಿನ್ ಸುರಿಯುತ್ತವೆ, ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಜಮಾಯಿಸುತ್ತವೆ, ನಾಳದ ಗೋಡೆ ಊದಿಕೊಳ್ಳುತ್ತದೆ, ಕಫ ಕಟ್ಟುತ್ತದೆ, ಸುತ್ತಲ ಸ್ನಾಯು ಬಿಗಿಯುತ್ತದೆ. ಯೋಚನೆಯೊಂದೇ ಇದನ್ನೆಲ್ಲ ಶೂನ್ಯದಿಂದ ಹುಟ್ಟಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಈಗಾಗಲೇ ಇರುವ ಉರಿಯೂತವನ್ನು ಅದು ಹೆಚ್ಚಿಸುತ್ತದೆ, ಔಷಧದ ಹಿಡಿತವನ್ನೂ ಸಡಿಲಗೊಳಿಸುತ್ತದೆ ಎನ್ನುವುದಕ್ಕೆ ಮಾತ್ರ ಗಟ್ಟಿ ಆಧಾರಗಳಿವೆ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವಿಲಿಯಂ ಬುಸ್ಸಿ ಅವರ ತಂಡ 2002ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾದದ್ದು. ಸೌಮ್ಯ ಅಸ್ತಮಾ ಇರುವ 20 ಕಾಲೇಜು ವಿದ್ಯಾರ್ಥಿಗಳು. ಅವರವರಿಗೆ ಆಗದ ಅಲರ್ಜಿಕಾರಕವನ್ನು ಒಮ್ಮೆ ನಿರಾಳವಾದ ದಿನಗಳಲ್ಲಿ, ಇನ್ನೊಮ್ಮೆ ಅಂತಿಮ ಪರೀಕ್ಷೆಯ ವಾರದಲ್ಲಿ ಉಸಿರಿನೊಂದಿಗೆ ಕೊಟ್ಟು, ಆಮೇಲೆ ಕಫವನ್ನು ಪರೀಕ್ಷಿಸಿದರು. ಅದೇ ವಿದ್ಯಾರ್ಥಿ, ಅದೇ ಅಲರ್ಜಿಕಾರಕ. ಆದರೆ ಪರೀಕ್ಷೆಯ ವಾರದ ಕಫದಲ್ಲಿ ಇಯೊಸಿನೊಫಿಲ್‌ಗಳು ಹೆಚ್ಚಿದ್ದವು. ಮಾರ್ಚ್ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಉಬ್ಬಸ ಕೆರಳಿತೆಂದರೆ ‘ಓದು ತಪ್ಪಿಸಲು ನೆವ’ ಎನ್ನುವವರು ಈ ಕಫದ ಮಾತನ್ನು ಕೇಳಬೇಕು.

ಎರಡನೆಯದು ಸ್ಕಾಟ್ಲೆಂಡಿನ ಗ್ಲಾಸ್ಗೋದ್ದು. 6ರಿಂದ 13 ವರ್ಷದ 90 ಅಸ್ತಮಾ ಮಕ್ಕಳನ್ನು ಒಂದೂವರೆ ವರ್ಷ ಹಿಂಬಾಲಿಸಿ ನಡೆಸಿದ ಆ ಅಧ್ಯಯನ 2000ದಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಮನೆಯಲ್ಲಿ ಸಾವು, ಅಪ್ಪ ಅಮ್ಮ ಬೇರೆಯಾಗುವುದು ಇಂಥ ದೊಡ್ಡ ಆಘಾತದ ನಂತರ ಉಬ್ಬಸ ಮರುಕಳಿಸುವ ಅಪಾಯ ಏರುತ್ತಿತ್ತು. ಮೊದಲೇ ದಿನನಿತ್ಯದ ಕಷ್ಟದಲ್ಲಿ ಬೇಯುತ್ತಿದ್ದ ಮಕ್ಕಳಲ್ಲಾದರೆ ಆಘಾತವಾದ ಎರಡೇ ವಾರದೊಳಗೆ ಅಪಾಯ ತೀವ್ರವಾಗಿತ್ತು. ಉಳಿದವರಲ್ಲಿ ಅದು ಕೆಲವು ವಾರ ತಡವಾಗಿ ಕಾಣಿಸಿಕೊಳ್ಳುತ್ತಿತ್ತು. ಹಳೆಯ ಕಷ್ಟದ ಮೇಲೆ ಹೊಸ ಕಷ್ಟ ಬಿದ್ದಾಗ ಶ್ವಾಸಕೋಶಕ್ಕೆ ತಡೆದುಕೊಳ್ಳುವ ಅವಕಾಶವೇ ಇರುವುದಿಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಕೆನಡಾದ ವ್ಯಾಂಕೂವರಿನಲ್ಲಿ ಗ್ರೆಗರಿ ಮಿಲ್ಲರ್, ಈಡಿತ್ ಚೆನ್ ಎಂಬ ಮನಶ್ಶಾಸ್ತ್ರಜ್ಞರು ಅಸ್ತಮಾ ಇರುವ ಮಕ್ಕಳ ರಕ್ತಕಣಗಳಲ್ಲಿ ಎರಡು ವಂಶವಾಹಿಗಳು ಎಷ್ಟರಮಟ್ಟಿಗೆ ಕೆಲಸ ಮಾಡುತ್ತಿವೆ ಎಂದು ಅಳೆದರು. ಒಂದು, ಒತ್ತಡದ ಹಾರ್ಮೋನಾದ ಕಾರ್ಟಿಸಾಲನ್ನು ಹಿಡಿದುಕೊಳ್ಳುವ ಗ್ರಾಹಿಯದು. ಇನ್ನೊಂದು, ಅಡ್ರಿನಾಲಿನನ್ನು ಹಿಡಿದು ಶ್ವಾಸನಾಳವನ್ನು ಅಗಲಿಸುವ ಬೀಟಾ-2 ಗ್ರಾಹಿಯದು. ದೀರ್ಘಕಾಲದ ಕಷ್ಟವೂ ಇದ್ದು ಮೇಲೊಂದು ಹೊಸ ಆಘಾತವನ್ನೂ ಕಂಡಿದ್ದ ಮಕ್ಕಳಲ್ಲಿ ಮೊದಲನೆಯದರ ಚಟುವಟಿಕೆ 5.5 ಪಟ್ಟು, ಎರಡನೆಯದರದು 9.5 ಪಟ್ಟು ಇಳಿದಿತ್ತು. 2006ರಲ್ಲಿ ಇದು ಪ್ರಕಟವಾಯಿತು. ಈಗ ಔಷಧದಂಗಡಿಯ ಕಡೆ ತಿರುಗಿ ನೋಡೋಣ. ಉಬ್ಬಸದವರು ಎಳೆದುಕೊಳ್ಳುವ ಬ್ಯುಡೆಸೊನೈಡ್ ಕೆಲಸ ಮಾಡುವುದು ಆ ಮೊದಲ ಗ್ರಾಹಿಯ ಮೂಲಕ. ಸಾಲ್ಬುಟಮಾಲ್ ಕೆಲಸ ಮಾಡುವುದು ಎರಡನೆಯದರ ಮೂಲಕ. ಮಕ್ಕಳ ರಕ್ತಕಣದಲ್ಲಿ ಕಂಡದ್ದು ದೊಡ್ಡವರ ಶ್ವಾಸನಾಳದಲ್ಲೂ ಅದೇ ಅಳತೆಯಲ್ಲಿ ನಡೆಯುತ್ತದೆಂದು ಹೇಳಲಾಗದು. ಆದರೂ ‘ಮೊದ್ಲು ಎರಡು ಸಲ ಎಳೆದ್ರ ಸಾಕಾಗ್ತಿತ್ತು, ಈಗ ಎಷ್ಟು ಎಳೆದ್ರೂ ಬುಡ್ತಿಲ್ಲ’ ಎಂದು ಸಾಲದಲ್ಲಿ ಮುಳುಗಿದವನೊಬ್ಬ ಹೇಳಿದರೆ, ಅವನ ಮಾತಿಗೆ ಜೀವಕೋಶದ ಮಟ್ಟದಲ್ಲೇ ಅರ್ಥವಿರಬಹುದು.

ಭಯಪಟ್ಟಾಗ ಅಡ್ರಿನಾಲಿನ್ ಉಕ್ಕಿ ಉಸಿರುದಾರಿ ತೆರೆದುಕೊಳ್ಳಬೇಕಲ್ಲವೇ, ಯೋಚನೆಯಿಂದ ಒಳ್ಳೆಯದೇ ಆಗಬೇಕಲ್ಲವೇ ಎಂದು ಯಾರಾದರೂ ಕೇಳಬಹುದು. ಅಲ್ಪಕಾಲದ ಮಟ್ಟಿಗೆ ಅದು ಸರಿ. ಕೆನಡಾದ ಆಲ್ಬರ್ಟಾದಲ್ಲಿ ಅಲರ್ಜಿ ಬರಿಸಿದ ಇಲಿಗಳ ಮೇಲೆ 2004ರಲ್ಲಿ ನಡೆದ ಪ್ರಯೋಗದಲ್ಲಿ ಅಲ್ಪಕಾಲದ ಒತ್ತಡ ಶ್ವಾಸಕೋಶದ ಉರಿಯೂತವನ್ನು ತಗ್ಗಿಸಿತು. ಅದೇ ಒತ್ತಡ ದಿನದಿನವೂ ಮುಂದುವರಿದಾಗ ಉರಿಯೂತ ಏರಿತು. ಆನೆ ಎದುರಾದ ಆ ಕ್ಷಣದಲ್ಲಿ ಮನುಷ್ಯ ಏದುಸಿರಿಲ್ಲದೆ ಓಡಬಲ್ಲ. ತಿಂಗಳುಗಟ್ಟಲೆ ಆನೆಯ ಭಯದಲ್ಲೇ ಬದುಕುವವನ ಕತೆ ಬೇರೆ. ಕಾರ್ಟಿಸಾಲ್ ಸದಾ ಸುರಿಯುತ್ತಿದ್ದರೆ ಜೀವಕೋಶಗಳು ಅದರ ಆಜ್ಞೆಗೆ ಕಿವುಡಾಗುತ್ತವೆ. ಉರಿಯೂತಕ್ಕೆ ಅಂಕೆ ಹಾಕುವವರಿಲ್ಲದಂತಾಗುತ್ತದೆ. ಅತ್ತ ವೇಗಸ್ ನರ ಶ್ವಾಸನಾಳದ ಸ್ನಾಯುವನ್ನು ಬಿಗಿಯುತ್ತದೆ. ನೆಗಡಿಯೂ ಸುಲಭವಾಗಿ ಹತ್ತುತ್ತದೆ: 394 ಆರೋಗ್ಯವಂತರ ಮೂಗಿಗೆ ವೈರಸ್ ಬಿಟ್ಟು ನೋಡಿದ ಶೆಲ್ಡನ್ ಕೊಹೆನ್ ಅವರ 1991ರ ಅಧ್ಯಯನದಲ್ಲಿ ಒತ್ತಡ ಹೆಚ್ಚಿದ್ದವರಿಗೇ ನೆಗಡಿ ಹೆಚ್ಚಾಗಿ ಬಂದಿತ್ತು. ಉಬ್ಬಸದವರಿಗೆ ನೆಗಡಿ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಮ್ಮ ಊರುಗಳಿಗೆ ಬರೋಣ. ಕೊಳ್ಳೇಗಾಲವೆಂದರೆ ರೇಷ್ಮೆ. ಯಳಂದೂರಿನ ಮಾಂಬಳ್ಳಿಯಲ್ಲಿ ಸರ್ಕಾರಿ ನೂಲು ತೆಗೆಯುವ ಕಾರ್ಖಾನೆಯಿದ್ದ ಸೀಮೆ ಇದು. ರೇಷ್ಮೆಗೂ ಉಬ್ಬಸಕ್ಕೂ ಇರುವ ನಂಟು ಹೊಸ ಸುದ್ದಿಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 1985ರಲ್ಲೇ ನೂಲು ತೆಗೆಯುವ ಕಾರ್ಖಾನೆಗಳ ಕಾರ್ಮಿಕರನ್ನು ಪರೀಕ್ಷಿಸಿ, ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಅಸ್ತಮಾ ಇರುವುದನ್ನು ಕಂಡಿದ್ದರು. ಅವರಲ್ಲಿ ಗಣನೀಯ ಭಾಗದವರಿಗೆ ರೇಷ್ಮೆಹುಳುವಿನ ಅಂಶಗಳೇ ಅಲರ್ಜಿಯಾಗಿದ್ದವು. ಆ ಅಧ್ಯಯನ ಅಳೆದದ್ದು ಅಲರ್ಜಿಯನ್ನು. ಅದರ ಜೊತೆಜೊತೆಗೇ ಏರುವ ಇನ್ನೊಂದನ್ನು ಕಾಣಬೇಕಾದರೆ ಹುಳುಮನೆಯೊಳಗೆ ನಿಲ್ಲಬೇಕು.

ಚಾಕಿ ಹುಳು (ಎಳೆಯ ರೇಷ್ಮೆಹುಳು) ತಂದು ಬಿಟ್ಟ ಮೇಲೆ ಮೊದಲ ದಿನಗಳು ಹೇಗೋ ಸಾಗುತ್ತವೆ. ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ಮನೆಯ ಲಯವೇ ಬದಲಾಗುತ್ತದೆ. ಒಟ್ಟು ತಿನ್ನುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಹುಳು ತಿನ್ನುವುದು ಈ ಕೊನೆಯ ವಾರದಲ್ಲಿ. ಹಗಲೂ ರಾತ್ರಿ ಸೊಪ್ಪು ಕತ್ತರಿಸಿ ಹೊರಬೇಕು, ಹಾಕಬೇಕು, ಕಸ ತೆಗೆಯಬೇಕು. ಕಸ ಎತ್ತುವಾಗ ಒಣಗಿದ ಹಿಕ್ಕೆಯ ಪುಡಿ ಮುಖಕ್ಕೆ ರಾಚುತ್ತದೆ. ಹುಳುವಿನ ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸಿದರೆ ಬಿಸಿಲಿನ ಕೋಲಿನಲ್ಲಿ ಅದು ತೇಲಾಡುವುದು ಕಾಣುತ್ತದೆ. ಬ್ಲೀಚಿಂಗ್ ಪೌಡರಿನ ಘಾಟು ಮೂಲೆಗಳಲ್ಲಿ ಕೂತಿರುತ್ತದೆ. ಮನೆಯಾಕೆ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಒಂದೊಂದೇ ತಟ್ಟೆಯ ಮುಂದೆ ಬಗ್ಗಿ ನೋಡುತ್ತಾಳೆ: ಎಲ್ಲಾದರೂ ಹಾಲುಹುಳು ಕಂಡಿತೇ, ಸಪ್ಪೆಯಾಯಿತೇ, ಸುಣ್ಣಕಟ್ಟು ಬಿತ್ತೇ? ಈ ರೋಗಗಳು ಒಂದು ತಟ್ಟೆಯಲ್ಲಿ ಕಂಡರೆ ನಾಳೆ ಬೆಳೆಯೇ ಹೋಗಬಹುದು. ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ಮೇಲೂ ನೆಮ್ಮದಿಯಿಲ್ಲ. ಗೂಡು ಬಿಡಿಸುವಾಗ ಮೇಲಿನ ಜೇಡರಬಲೆಯಂಥ ನಾರು ಹಾರಿ ಮೂಗಿಗೆ ಹೊಗುತ್ತದೆ, ಮಾರುಕಟ್ಟೆಯ ಅಂದಿನ ಹರಾಜು ಏನು ಹೇಳುತ್ತದೋ ಎಂಬ ಯೋಚನೆ ತಲೆಗೆ ಹೊಗುತ್ತದೆ. ಅಲರ್ಜಿಕಾರಕ ಅತಿ ಹೆಚ್ಚಾಗಿರುವ, ನಿದ್ದೆ ಅತಿ ಕಡಿಮೆಯಾಗಿರುವ, ಆತಂಕ ತುದಿಗೇರಿರುವ ವಾರ ಒಂದೇ. ವಿಸ್ಕಾನ್ಸಿನ್‌ನ ಪ್ರಯೋಗಾಲಯದಲ್ಲಿ ಪರೀಕ್ಷೆಯನ್ನೂ ಅಲರ್ಜಿಕಾರಕವನ್ನೂ ಲೆಕ್ಕ ಹಾಕಿ ಒಂದೆಡೆ ತಂದಿದ್ದರು. ಇಲ್ಲಿ ಕಸುಬೇ ಅವೆರಡನ್ನೂ ಪ್ರತಿ ಬೆಳೆಗೂ ಒಂದೆಡೆ ತರುತ್ತದೆ.

ಹನೂರಿನ ಕಡೆ ಇದಕ್ಕೆ ಬೇರೆ ರೂಪ. ಮಲೆ ಮಹದೇಶ್ವರ ವನ್ಯಧಾಮ, ಕಾವೇರಿ ವನ್ಯಧಾಮ, ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶಗಳ ಅಂಚಿಗಿರುವ ಹೊಲಗಳಲ್ಲಿ ರಾಗಿ, ಜೋಳ ಕೊಯ್ಲಿಗೆ ಬರುವ ಹೊತ್ತಿಗೆ ಆನೆ, ಹಂದಿ ಇಳಿಯುತ್ತವೆ. ಗಂಡಸರು ಅಟ್ಟಣೆಯ ಮೇಲೆ ರಾತ್ರಿ ಕಾವಲು. ಕಾರ್ತಿಕ, ಮಾರ್ಗಶಿರದ ಥಂಡಿ, ಕೆಳಗೆ ಹಸಿ ಕಟ್ಟಿಗೆಯ ಹೊಗೆ, ಕೈಯಲ್ಲಿ ಬೀಡಿ, ಸದ್ದಾದರೆ ಬೆಚ್ಚಿಬೀಳುವ ಅರೆನಿದ್ದೆ. ದೇಹದೊಳಗಿನ ಕಾರ್ಟಿಸಾಲ್ ಹೇಗೂ ನಡುರಾತ್ರಿಯ ಆಸುಪಾಸಿಗೆ ಅತ್ಯಂತ ಕೆಳಗಿಳಿದಿರುತ್ತದೆ. ಉಬ್ಬಸ ಹೆಚ್ಚಾಗಿ ಕೆರಳುವುದು ಬೆಳಗಿನ ಜಾವಕ್ಕೆ. ಆ ಜಾವವನ್ನು ಬಯಲಿನಲ್ಲಿ ಭಯದಿಂದ ಕಳೆಯುವವನ ಎದೆ ಕಟ್ಟಿದರೆ ಆಶ್ಚರ್ಯಪಡುವುದಕ್ಕೆ ಏನೂ ಇಲ್ಲ. ಬೆಳೆಹಾನಿ ಪರಿಹಾರದ ಅರ್ಜಿಯಲ್ಲಿ ತುಳಿದು ಹೋದ ರಾಗಿಗೆ ಲೆಕ್ಕವಿದೆ. ಹಾಗೆ ಕಳೆದ ರಾತ್ರಿಗಳಿಗೆ ಲೆಕ್ಕವಿಲ್ಲ. ಆನೆ ಕಂದಕ, ಸೋಲಾರ್ ಬೇಲಿ, ರೈಲು ಕಂಬಿಯ ತಡೆಗೋಡೆಗಳ ಬಗ್ಗೆ ವಾದಿಸುವಾಗ ನಾವು ಬೆಳೆಯನ್ನೂ ಪ್ರಾಣವನ್ನೂ ನೆನೆಯುತ್ತೇವೆ, ಶ್ವಾಸಕೋಶವನ್ನು ನೆನೆಯುವುದಿಲ್ಲ.

ಸಂಘದ ಸಾಲದ ವಿಷಯವನ್ನು ಉದ್ದ ಬೆಳೆಸುವುದಿಲ್ಲ. ಕಂತಿನ ದಿನ ಯಾವುದೆಂದು ಪ್ರತಿ ಮನೆಯಲ್ಲೂ ಗೊತ್ತು. 2025ರ ಆರಂಭದಲ್ಲಿ ವಸೂಲಿಗಾರರ ಕಾಟಕ್ಕೆ ಚಾಮರಾಜನಗರ ಜಿಲ್ಲೆಯಲ್ಲಿ ಮನೆಗೆ ಬೀಗ ಹಾಕಿ ಊರು ಬಿಟ್ಟವರಿದ್ದರು. ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ಆಗಿನ ಚರ್ಚೆಯೆಲ್ಲ ಮರ್ಯಾದೆ, ಆತ್ಮಹತ್ಯೆ, ಬಡ್ಡಿಯ ಸುತ್ತ ನಡೆಯಿತು, ನಡೆಯಬೇಕಾದದ್ದೇ. ವಾರವಾರವೂ ಮರಳಿ ಬರುವ ಆ ನಡುಕ ಉಬ್ಬಸವಿರುವ ಮನೆಯಲ್ಲಿ ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನೂ ಅದಕ್ಕೆ ಸೇರಿಸಬೇಕಿತ್ತು.

ಇಷ್ಟಾದ ಮೇಲೆ ಬರುವ ಅತಿ ಗಟ್ಟಿಯಾದ ಆಕ್ಷೇಪ ಇದು: ಬಡವರ ಯೋಚನೆಯನ್ನು ವೈದ್ಯರು ತೆಗೆಯಬಲ್ಲರೇ? ಗೂಡಿನ ಬೆಲೆ ಏರಿಸಬಲ್ಲರೇ, ಆನೆ ತಡೆಯಬಲ್ಲರೇ? ಇಲ್ಲ. ಧ್ಯಾನ ಮಾಡಿ, ಪ್ರಾಣಾಯಾಮ ಮಾಡಿ ಎಂದಷ್ಟೇ ಹೇಳಿ ಕಳಿಸುವುದು ಸೊಪ್ಪು ಹೊತ್ತು ಬಂದವಳಿಗೆ ಇನ್ನೊಂದು ಹೊರೆ ಹೊರಿಸಿದಂತೆ. ಉಸಿರಾಟದ ಅಭ್ಯಾಸಗಳಿಂದ ಕೆಲವರಿಗೆ ಉಪಶಮನ ಸಿಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಔಷಧದ ಜಾಗದಲ್ಲಿ ಅದನ್ನು ಕೂರಿಸುವುದು ಮಾತ್ರ ಅಪಾಯ. ಆದರೆ ಯೋಚನೆಯನ್ನು ತೆಗೆಯಲಾಗದಿದ್ದರೂ ಅದು ಬರುವ ಹೊತ್ತಿಗೆ ಶ್ವಾಸಕೋಶವನ್ನು ಸಜ್ಜುಗೊಳಿಸಬಹುದು. ಗ್ಲಾಸ್ಗೋದ ಮಗುವಿಗೆ ಮನೆಯ ಸಾವು ಯಾವಾಗ ಬರುತ್ತದೆಂದು ಯಾರಿಗೂ ತಿಳಿದಿರಲಿಲ್ಲ. ಕೊಳ್ಳೇಗಾಲದ ಹುಳುಮನೆಯಲ್ಲಿ ಮುಂದಿನ ಕಷ್ಟದ ವಾರ ಯಾವುದೆಂದು ಚಾಕಿ ತಂದ ದಿನವೇ ಬೆರಳೆಣಿಸಿ ಹೇಳಬಹುದು.

ಇಲ್ಲಿ ಪಂಪಿನ ಮಾತು ಬರುತ್ತದೆ. ಬ್ಯುಡೆಸೊನೈಡಿನಂಥ ಉರಿಯೂತ ತಗ್ಗಿಸುವ ಇನ್‌ಹೇಲರ್ ಎಳೆದ ಕ್ಷಣಕ್ಕೆ ಎದೆ ಬಿಟ್ಟುಕೊಳ್ಳುವುದಿಲ್ಲ; ಪೂರ್ತಿ ಗುಣ ತೋರಲು ಕೆಲವು ವಾರ ಬೇಕು. ಅದಕ್ಕೇ ಜನ ಅದನ್ನು ‘ಕೆಲಸ ಮಾಡದ ಪಂಪು’ ಎಂದು ಮೂಲೆಗಿಟ್ಟು, ತಕ್ಷಣ ಬಿಡಿಸುವ ಸಾಲ್ಬುಟಮಾಲನ್ನೇ ನೆಚ್ಚಿಕೊಳ್ಳುತ್ತಾರೆ. ಉರಿಯೂತ ಒಳಗೇ ಬೆಳೆಯುತ್ತಿರುತ್ತದೆ. ಬರೀ ಸಾಲ್ಬುಟಮಾಲ್ ಮೇಲೆ ಅಸ್ತಮಾ ರೋಗಿಯನ್ನು ಬಿಡಬಾರದೆಂದು ಜಾಗತಿಕ ಅಸ್ತಮಾ ಮಾರ್ಗಸೂಚಿ 2019ರಿಂದ ಹೇಳುತ್ತಿದೆ. ಅದೇ 2019ರ ಅಂದಾಜಿನಂತೆ ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಭಾರತದವರು ಶೇ 13ರಷ್ಟು. ಅಸ್ತಮಾದಿಂದ ಸತ್ತವರಲ್ಲಿ ಶೇ 40ಕ್ಕೂ ಹೆಚ್ಚು. ‘ಪಂಪು ಅಭ್ಯಾಸವಾಗಿಬಿಡುತ್ತದೆ’, ‘ಪಂಪು ಹಿಡಿದ ಹುಡುಗಿಗೆ ಗಂಡು ಸಿಗುವುದಿಲ್ಲ’ ಎಂಬ ಮಾತುಗಳ ಬೆಲೆ ಆ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಸೇರಿಕೊಂಡಿದೆ. ದಿನವೂ ತಪ್ಪದೆ ತೆಗೆದುಕೊಳ್ಳುವುದೇ ಸರಿಯಾದ ದಾರಿ. ಅದು ತಪ್ಪಿಹೋಗಿದ್ದರೆ, ಚಾಕಿ ಮನೆಗೆ ಬಂದ ದಿನವಾದರೂ, ರಾಗಿ ತೆನೆ ಕಟ್ಟುವಾಗಲಾದರೂ, ಪರೀಕ್ಷೆಗೆ ಒಂದು ತಿಂಗಳಿರುವಾಗಲಾದರೂ ವೈದ್ಯರನ್ನು ಕಂಡು ಮತ್ತೆ ಹಿಡಿಯಬೇಕು. ವೈದ್ಯರೂ ‘ಮುಂದಿನ ಬೆಳೆ ಯಾವಾಗ?’ ಎಂದು ಕೇಳಿ ಚೀಟಿ ಬರೆಯಬೇಕು.

ಆಸ್ಪತ್ರೆ ಬದುಕಿನ ಒಳಗೆ ಕೈಹಾಕುವುದು ಈ ಸೀಮೆಗೆ ಹೊಸದೂ ಅಲ್ಲ. ಬಿಳಿಗಿರಿರಂಗನ ಬೆಟ್ಟಕ್ಕೆ ಸೋಲಿಗರ ಚಿಕಿತ್ಸೆಗೆಂದು ಬಂದ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಅದು ಔಷಧದಲ್ಲಿ ನಿಲ್ಲದೆ ಶಾಲೆ, ಜೀವನೋಪಾಯ, ಹಕ್ಕುಗಳತ್ತ ಬೆಳೆಯಿತು. ರೋಗ ಎಲ್ಲಿಂದ ಬರುತ್ತಿದೆಯೆಂದು ನೋಡುತ್ತ ಹೋದವರಿಗೆ ಬೇರೆ ದಾರಿ ಇರಲಿಲ್ಲ ಎಂದು ನಾನು ತಿಳಿಯುತ್ತೇನೆ.

ಸರ್ಕಾರಿ ವ್ಯವಸ್ಥೆಯಲ್ಲಿ ಇದಕ್ಕೆ ಹೊಸ ಯೋಜನೆಯನ್ನೇ ಹುಟ್ಟುಹಾಕಬೇಕಿಲ್ಲ. ಮೂವತ್ತು ದಾಟಿದ ಪ್ರತಿಯೊಬ್ಬರ ಬಗ್ಗೆ ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ತುಂಬುವ ತಪಾಸಣಾ ನಮೂನೆಯಲ್ಲಿ ಉಸಿರಾಟದ ತೊಂದರೆ ಇದೆಯೇ, ಯಾವ ಒಲೆ, ಕೆಲಸದಲ್ಲಿ ಹೊಗೆ ಧೂಳು ಇದೆಯೇ ಎಂಬ ಪ್ರಶ್ನೆಗಳಿವೆ. ಅದೇ ನಮೂನೆಯ ಕೊನೆಯಲ್ಲಿ, ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲವೆನಿಸಿತೇ, ಮನಸ್ಸು ಕುಗ್ಗಿತೇ ಎಂಬ ಎರಡು ಪ್ರಶ್ನೆಗಳೂ ಇವೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ‘ಮನೋಚೈತನ್ಯ’ ಕಾರ್ಯಕ್ರಮವೂ ರಾಜ್ಯದಲ್ಲಿದೆ. ಉಸಿರಿನ ಉತ್ತರವನ್ನೂ ಮನಸ್ಸಿನ ಉತ್ತರವನ್ನೂ ಒಬ್ಬಳೇ ಆಶಾ, ಒಂದೇ ಜಗಲಿಯ ಮೇಲೆ ಕೂತು, ಒಂದೇ ಹಾಳೆಯಲ್ಲಿ ಬರೆದುಕೊಂಡು ಬರುತ್ತಾಳೆ. ಎರಡಕ್ಕೂ ‘ಹೌದು’ ಎಂದವರ ಹೆಸರನ್ನು ಆ ಹಾಳೆಯಿಂದ ಬೇರೆಯಾಗಿ ಎತ್ತಿಕೊಂಡು, ಅವರ ಪಂಪನ್ನೂ ಬೆಳೆಯ ದಿನಗಳನ್ನೂ ಕಂತಿನ ವಾರವನ್ನೂ ಒಟ್ಟಿಗೆ ವಿಚಾರಿಸುವ ಕೆಲಸವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳು ಈ ಮೂರು ತಾಲ್ಲೂಕುಗಳಿಂದಲೇ ಶುರುಮಾಡಬಹುದು.